ಅಶೋಕ ಒಂದೇ ರಾತ್ರಿಯಲ್ಲಿ ಬದಲಾಗಲಿಲ್ಲ: ಮಸ್ಕಿಯ ಬಂಡೆ ಮತ್ತು ಮಿದುಳಿನ ವಿಜ್ಞಾನ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ನಡುವೆ ಮಸ್ಕಿ ಸಿಗುತ್ತದೆ. ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದ 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಬಿರುದುಗಳಿದ್ದವೇ ಹೊರತು ಹೆಸರಿರಲಿಲ್ಲ. ದೇವಾನಾಂಪಿಯ, ಪಿಯದಸಿ ಅಂದರೆ ಅಶೋಕನೇ ಇರಬೇಕು ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ವಾದ ಮುಗಿಯಿತು.

ಹೆಸರಿನ ವಿಷಯ ಬಹಳ ಜನರಿಗೆ ಗೊತ್ತು. ಆ ಬಂಡೆ ಏನು ಹೇಳುತ್ತದೆ ಅನ್ನೋದು ಅಷ್ಟಾಗಿ ಚರ್ಚೆಯಾಗಿಲ್ಲ. ಅದನ್ನು ಓದಿದರೆ ಶಾಲೆಯಲ್ಲಿ ಕಲಿತ ಅಶೋಕನ ಕಥೆ ಸ್ವಲ್ಪ ಅಲುಗಾಡುತ್ತದೆ.

ಶಾಲೆಯ ಕಥೆ ಹೀಗಿದೆ: ಕ್ರೂರಿ ರಾಜನೊಬ್ಬ ಕಳಿಂಗದ ರಣರಂಗದಲ್ಲಿ ಹೆಣಗಳನ್ನು ನೋಡಿದ, ಮನಸ್ಸು ಕರಗಿತು, ಕತ್ತಿ ಬಿಸಾಡಿ ಬೌದ್ಧನಾದ. ಒಂದು ಕ್ಷಣ, ಒಂದು ಬದಲಾವಣೆ. ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಶಾಸನಗಳಲ್ಲಿ ಸಿಗುವ ಅಶೋಕ ಬೇರೆ.

ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ ಅಶೋಕ ಪಟ್ಟಕ್ಕೆ ಬಂದದ್ದು ಸುಮಾರು ಕ್ರಿ.ಪೂ. 268ರಲ್ಲಿ. 99 ಮಂದಿ ಅಣ್ಣತಮ್ಮಂದಿರನ್ನು ಕೊಂದ ಅನ್ನೋದು ಬೌದ್ಧ ಗ್ರಂಥಗಳ ಕಥೆ. ಮೊದಲು ಎಷ್ಟು ಕಪ್ಪಾಗಿ ತೋರಿಸಿದರೆ ಆಮೇಲೆ ಅಷ್ಟು ಬೆಳ್ಳಗೆ ಕಾಣುತ್ತಾನೆ ಅನ್ನೋ ಲೆಕ್ಕ ಅದರಲ್ಲಿದ್ದೀತು. ಕಳಿಂಗ ಯುದ್ಧಕ್ಕೆ ಮಾತ್ರ ಅವನದೇ ಸಾಕ್ಷಿ ಇದೆ. ಪಟ್ಟವೇರಿದ 8ನೇ ವರ್ಷದಲ್ಲಿ ನಡೆದ ಆ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಊರು ಬಿಡಿಸಿ ಒಯ್ಯಲಾಯಿತು, ಅದರ ಹಲವು ಪಟ್ಟು ಜನ ಆಮೇಲೆ ಸತ್ತರು ಎಂದು 13ನೇ ಬಂಡೆ ಶಾಸನ ಲೆಕ್ಕ ಕೊಡುತ್ತದೆ. ಗೆದ್ದ ರಾಜನೇ ತಾನು ಕೊಂದವರ ಲೆಕ್ಕ ಬರೆಸಿ, ಅದಕ್ಕಾಗಿ ನೊಂದಿದ್ದೇನೆ ಎಂದು ಸಾರಿದ್ದು ಪ್ರಾಚೀನ ಜಗತ್ತಿನಲ್ಲಿ ತೀರಾ ಅಪರೂಪ.

ಆ ನೋವು ಅವನ ದೌರ್ಬಲ್ಯವೇ? ರಾಜಕಾರಣದಲ್ಲಿ ಭಾವನೆ ಇರಬಾರದು, ತಣ್ಣನೆಯ ಬುದ್ಧಿ ಸಾಕು ಅನ್ನುವವರು ಇಂದಿಗೂ ಇದ್ದಾರೆ. ಮಿದುಳಿನ ಸಂಶೋಧನೆ ಇದನ್ನು ಒಪ್ಪೋದಿಲ್ಲ. ಹಣೆಯ ಹಿಂಭಾಗದ, ಕಣ್ಣುಗುಡ್ಡೆಗಳ ಮೇಲಿನ ಮಿದುಳಿನ ಭಾಗಕ್ಕೆ ಪೆಟ್ಟಾದ ರೋಗಿಗಳನ್ನು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅಧ್ಯಯನ ಮಾಡಿದರು. ಅವರ ಬುದ್ಧಿಶಕ್ತಿ, ನೆನಪು, ಮಾತು ಎಲ್ಲ ಸರಿಯಾಗೇ ಇತ್ತು. ಭಾವನೆ ಮಂಕಾಗಿತ್ತು. ಅಂಥವರ ಬದುಕಿನ ತೀರ್ಮಾನಗಳೆಲ್ಲ ಹಳಿ ತಪ್ಪಿದವು.

2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಪಶ್ಚಾತ್ತಾಪವನ್ನೇ ಪರೀಕ್ಷಿಸಿತು. ಜೂಜಿನಂಥ ಆಟದಲ್ಲಿ, ನೀನು ಇನ್ನೊಂದನ್ನು ಆರಿಸಿದ್ದರೆ ಇಷ್ಟು ಸಿಗುತ್ತಿತ್ತು ಎಂದು ತೋರಿಸಿದಾಗ ಸಾಮಾನ್ಯ ಜನ ಹಳಹಳಿಸಿದರು, ಮುಂದಿನ ಆಟಗಳಲ್ಲಿ ಎಚ್ಚರವಾದರು. ಕಣ್ಣಿನ ಮೇಲಿನ ಆ ಭಾಗಕ್ಕೆ ಹಾನಿಯಾದವರಿಗೆ ಹಳಹಳಿಯೂ ಆಗಲಿಲ್ಲ, ಪಾಠವೂ ಸಿಗಲಿಲ್ಲ. ಮರುವರ್ಷ ಆರೋಗ್ಯವಂತರನ್ನು ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದಾಗಲೂ ಪಶ್ಚಾತ್ತಾಪದ ಹೊತ್ತಿನಲ್ಲಿ ಚುರುಕಾದದ್ದು ಅದೇ ಭಾಗ.

ಹಾಗಂತ ಅಶೋಕನ ತಲೆಯೊಳಗೆ ಏನಾಯಿತು ಅಂತ ಯಾರೂ ಹೇಳೋಕಾಗಲ್ಲ. ಎಫ್‌ಎಂಆರ್‌ಐ ಆಲೋಚನೆಯ ಫೋಟೋ ತೆಗೆಯೋದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಅಳೆಯುತ್ತದೆ, ಉಳಿದದ್ದು ಅಂಕಿಸಂಖ್ಯೆಯ ಲೆಕ್ಕಾಚಾರ. ಆ ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಸತ್ತ ಮೀನಿನ ಮಿದುಳಲ್ಲೂ ಚಟುವಟಿಕೆ ಕಾಣುತ್ತದೆ ಎಂದು 2009ರಲ್ಲಿ ವಿಜ್ಞಾನಿಗಳೇ ತೋರಿಸಿಕೊಟ್ಟರು. ಮಿದುಳಿನ ಬಣ್ಣದ ಚಿತ್ರ ತೋರಿಸಿ ಯಾರಾದರೂ ದೊಡ್ಡ ಮಾತಾಡಿದರೆ ಒಮ್ಮೆ ಅನುಮಾನಿಸಿ.

ಅಶೋಕನ ತಲೆ ನಮಗೆ ಸಿಗೋದಿಲ್ಲ, ನಡೆ ಸಿಗುತ್ತದೆ. ಮಸ್ಕಿಯ ಬಂಡೆಯಲ್ಲಿರುವ ಶಾಸನದ್ದೇ ಪಾಠ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇ ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲಷ್ಟೇ ಶ್ರಮ ಹಾಕಿದೆ ಎಂದು ಅಶೋಕ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಚಕ್ರವರ್ತಿಯೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ! ಮನಸ್ಸು ಕರಗಿದ್ದು ಒಂದು ದಿನ ಇರಬಹುದು, ಮನುಷ್ಯ ಬದಲಾಗೋಕೆ ವರ್ಷಗಳೇ ಹಿಡಿದವು.

ಹೇಗೆ ಬದಲಾದ ಅನ್ನೋದೂ ಶಾಸನಗಳಲ್ಲಿದೆ. ಪಟ್ಟದ 10ನೇ ವರ್ಷದಲ್ಲಿ ಬೋಧಗಯೆಗೆ ಹೋದ. ಅರಸರ ಚಟವಾಗಿದ್ದ ಬೇಟೆಯ ವಿಹಾರ ಬಿಟ್ಟು ಅದರ ಜಾಗದಲ್ಲಿ ಧರ್ಮಯಾತ್ರೆ ಇಟ್ಟುಕೊಂಡ. ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆಗೆ ಇಳಿದಿದೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಇವನ್ನೂ ಕೊಲ್ಲೋದಿಲ್ಲ ಎಂದು ಬರೆಸಿದ. ಪೂರ್ತಿ ಬಿಡುವ ಮೊದಲೇ ಎಷ್ಟು ಉಳಿದಿದೆ ಅಂತ ಊರಿಗೆಲ್ಲ ಸಾರಿಕೊಂಡ ಪರಿ ಇದು.

ಚಟದ ವಿಜ್ಞಾನ ಹೇಳೋದೂ ಇದಕ್ಕೆ ಹತ್ತಿರದ ಮಾತನ್ನೇ. ಅಮೆರಿಕದ ನೋರಾ ವೋಲ್ಕೋವ್ ಮತ್ತು ಅವರ ತಂಡದ ಮಿದುಳು ಸ್ಕ್ಯಾನ್‌ಗಳ ಪ್ರಕಾರ, ವ್ಯಸನಕ್ಕೆ ಬಿದ್ದವರಲ್ಲಿ ಡೋಪಮಿನ್ ವ್ಯವಸ್ಥೆ ಕುಗ್ಗಿರುತ್ತದೆ, ಬೇಡ ಅನ್ನಬೇಕಾದ ಮುಂಭಾಗದ ಮಿದುಳೂ ಸೊರಗಿರುತ್ತದೆ. ಮೆಥಾಂಫೆಟಮಿನ್ ಬಿಟ್ಟವರಲ್ಲಿ ಒಂದು ವರ್ಷ ದಾಟಿದ ಮೇಲೆ ಡೋಪಮಿನ್ ವ್ಯವಸ್ಥೆ ಒಂದಿಷ್ಟು ಚೇತರಿಸಿಕೊಂಡದ್ದನ್ನು 2001ರಲ್ಲಿ ಅವರು ವರದಿ ಮಾಡಿದರು. ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು. ಸಮಯ ಬೇಕು, ಬೇರೆ ಅಭ್ಯಾಸ ಬೇಕು, ಸುತ್ತಲಿನ ವಾತಾವರಣವೂ ಬದಲಾಗಬೇಕು. ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದಾಗ ಎತ್ತಿದ ಪ್ರಶ್ನೆಯ ತಿರುಳೂ ಇದೇ. ಓಣಿ ಓಣಿಯಲ್ಲಿ ಸಾರಾಯಿ ಸಿಗುವಂತೆ ಬಿಟ್ಟು, ಕುಡಿಯುವವನ ಮನಸ್ಸನ್ನಷ್ಟೇ ಬೈದರೆ ಏನು ಬಂತು?

ಅಶೋಕ ತನ್ನ ಮನಸ್ಸನ್ನು ಮಾತ್ರ ನಂಬಿ ಕೂರಲಿಲ್ಲ. ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಜನರ ವಿಷಯವನ್ನು ಯಾವಾಗ ಬೇಕಾದರೂ ತನಗೆ ತಲುಪಿಸಬೇಕು ಎಂದು ಆಜ್ಞೆ ಹೊರಡಿಸಿದ. 13ನೇ ವರ್ಷದಲ್ಲಿ ಧರ್ಮ ಮಹಾಮಾತ್ರರನ್ನು ನೇಮಿಸಿದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನವೊಂದರಲ್ಲಿ, ನ್ಯಾಯ ಕೊಡುವ ಅಧಿಕಾರಿಗಳು ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ದಣಿವು ಇವುಗಳಿಂದ ದೂರ ಇರಬೇಕು ಎಂದು ಹೇಳಿದ. ತೀರ್ಮಾನವನ್ನು ಕೆಡಿಸುವ ಸಂಗತಿಗಳ ಈ ಪಟ್ಟಿಯನ್ನು ಇವತ್ತಿನ ಯಾವ ಕಚೇರಿಯ ಗೋಡೆಗೂ ಹಾಕಬಹುದು. 26ನೇ ವರ್ಷದ ಹೊತ್ತಿಗೆ ಮರಣದಂಡನೆಗೆ ಗುರಿಯಾದವರಿಗೆ 3 ದಿನ ಬಿಡುವು ಕೊಟ್ಟ.

ಗಮನಿಸಿ, ಬಿಡುವು ಕೊಟ್ಟ, ಮರಣದಂಡನೆ ರದ್ದು ಮಾಡಲಿಲ್ಲ. ಅಶೋಕನನ್ನು ದೇವರ ಗೂಡಿನಲ್ಲಿ ಕೂರಿಸುವವರು ಇದನ್ನೂ ಓದಬೇಕು. ಕಳಿಂಗಕ್ಕಾಗಿ ಅತ್ತವನು ಕಳಿಂಗವನ್ನು ಬಿಟ್ಟುಕೊಡಲಿಲ್ಲ. ನೊಂದಿದ್ದೇನೆ ಎಂದ ಅದೇ ಶಾಸನದಲ್ಲಿ ಕಾಡಿನ ಜನರಿಗೆ, ದಂಡಿಸುವ ಶಕ್ತಿ ನನಗಿನ್ನೂ ಇದೆ ಎಂದು ಎಚ್ಚರಿಸಿದ. ಆ ಪಶ್ಚಾತ್ತಾಪದ ಶಾಸನ ಆಂಧ್ರದ ಎರ್ರಗುಡಿಯಲ್ಲಿದೆ, ಗುಜರಾತಿನ ಗಿರ್ನಾರಿನಲ್ಲಿದೆ. ಕಳಿಂಗದ ನೆಲವಾದ ಒಡಿಶಾದ ಧೌಲಿ, ಜೌಗಡಗಳಲ್ಲಿ ಬೇರೆ ಹಲವು ಶಾಸನಗಳಿವೆ, ಅದು ಇಲ್ಲ. ಪೆಟ್ಟು ತಿಂದವರ ಕಣ್ಣೆದುರು ತಪ್ಪು ಒಪ್ಪಿಕೊಳ್ಳೋಕೆ ಅಶೋಕನಿಗೂ ಆಗಲಿಲ್ಲ.

ಹಾಗಾಗಿ ನಾಯಕರ ಕಣ್ಣೀರಿಗೆ ನಾವು ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟ: ಮರುದಿನ ಏನು ಬದಲಾಯಿತು? ಒಂದು ವರ್ಷದ ಮೇಲೆ ಏನು ಉಳಿಯಿತು? ಯಾರ ಎದುರು ತಪ್ಪು ಒಪ್ಪಿಕೊಂಡರು? ಹೋದದ್ದನ್ನು ವಾಪಸ್ ಕೊಟ್ಟರೇ? ಕಳಿಂಗದ ನಂತರ ಸುಮಾರು 30 ವರ್ಷ ಬದುಕಿ, ಸುಮಾರು ಕ್ರಿ.ಪೂ. 232ರಲ್ಲಿ ತೀರಿಕೊಂಡ ಅಶೋಕ ಈ ಪರೀಕ್ಷೆಯಲ್ಲಿ ಅರ್ಧ ಪಾಸು, ಅರ್ಧ ಫೇಲು. ಬಹಳ ಜನ ಆಳುವವರು ಪರೀಕ್ಷೆಗೇ ಕೂರೋದಿಲ್ಲ.

ಮಸ್ಕಿಯ ಬಂಡೆ ಕೊನೆಗೆ ಹೇಳೋದು ರಾಜನ ಬಗ್ಗೆ ಅಲ್ಲ. ಈ ಸಾಧನೆ ದೊಡ್ಡವರಿಗಷ್ಟೇ ಸಾಧ್ಯ ಅಂದುಕೊಳ್ಳಬೇಡಿ, ಸಣ್ಣವರೂ ಪ್ರಯತ್ನಪಟ್ಟರೆ ಮುಟ್ಟಬಹುದು, ಇಬ್ಬರಿಗೂ ಇದನ್ನು ತಿಳಿಸಿ ಅನ್ನೋದು ಅದರ ಸಾರ. 2,200 ವರ್ಷದ ಹಿಂದೆ ನಮ್ಮ ರಾಯಚೂರಿನ ಕಲ್ಲಿನಲ್ಲಿ ಕೂತ ಆ ಮಾತಿಗೆ ಯಾವ ಸ್ಕ್ಯಾನಿನ ಸಾಕ್ಷಿಯೂ ಬೇಕಿಲ್ಲ. ಪ್ರಯತ್ನ ಬೇಕು ಅಷ್ಟೇ, ಅದೂ ಒಂದು ದಿನದ್ದಲ್ಲ.