ಪುಸ್ತಕದ ಹೊರೆ ಹೊತ್ತ ಗಳಗನಾಥರು

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಪುಣ್ಯಸಂಗಮದಲ್ಲಿ ಗಳಗನಾಥವೆಂಬ ಗ್ರಾಮವಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಆ ಊರಿನ ಭೂಷಣ. ಊರ ಹೆಸರನ್ನೇ ತಮ್ಮ ಹೆಸರನ್ನಾಗಿ ಧರಿಸಿ ಅದನ್ನು ಕನ್ನಡಿಗರ ಮನೆಮಾತಾಗಿಸಿದ ಗ್ರಂಥಕರ್ತರೊಬ್ಬರು ಅಲ್ಲಿಯವರೇ. ಅವರು ವೆಂಕಟೇಶ ತಿರಕೋ ಕುಲಕರ್ಣಿ. ಮಾಧ್ವ ಮನೆತನದಲ್ಲಿ 1869ರ ಜನವರಿ 5ರಂದು ಜನಿಸಿದ ಇವರನ್ನು ಕನ್ನಡನಾಡು ಕಾದಂಬರಿ ಪಿತಾಮಹರೆಂದು ಗೌರವಿಸಿದೆ.

ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಅವರು ಶಾಲಾಮಾಸ್ತರರಾದರು. ಅಂದಿನ ಸ್ಥಿತಿಯನ್ನು ವಾಚಕ ಮಹಾಶಯರು ಸ್ಮರಿಸಬೇಕು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಮಾಗಡಿಯ ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ ಕೈಕೆಳಗೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ ಕೈಕೆಳಗೂ ಇದ್ದವು. ಕಚೇರಿಯಲ್ಲಿ ಮರಾಠಿ, ಕೀರ್ತನೆಯಲ್ಲಿ ಮರಾಠಿ. ಅಕ್ಷರ ಬಲ್ಲವರ ಮನೆಗಳಲ್ಲಿ ಮರಾಠಿ ಪುಸ್ತಕವನ್ನು ಓದುವುದೇ ಪ್ರತಿಷ್ಠೆಯಾಗಿತ್ತು. ಕನ್ನಡದಲ್ಲಿ ಓದಬೇಕೆಂದರೂ ಜನಸಾಮಾನ್ಯರಿಗೆ ರುಚಿಸುವ ಗದ್ಯಗ್ರಂಥಗಳು ವಿರಳ. ಈ ಕೊರತೆಯನ್ನು ದೂರುತ್ತ ಕೂಡದೆ, ತುಂಬಲು ಹೊರಟವರು ಗಳಗನಾಥರು.

1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ ಎಂಬ ಕಾದಂಬರಿಯು ಹೊರಬಂದಿತು. ಮುಂದೆ ಅವರು ಅಗಡಿಯ ಆನಂದವನವನ್ನು ಆಶ್ರಯಿಸಿದರು. ಅಲ್ಲಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಆರಂಭವಾಯಿತು. ಪತ್ರಿಕೆಯೂ ಪುಸ್ತಕಗಳೂ ಕೂಡಿಯೇ ಹಳ್ಳಿಹಳ್ಳಿಗೆ ಓದುಗರನ್ನು ನಿರ್ಮಿಸಿದವು.

ಇವರೊಬ್ಬರ ಹೆಸರಿನಲ್ಲಿ ಬಂದ ಗ್ರಂಥಗಳ ವಿಸ್ತಾರವನ್ನು ನೋಡಿದರೆ ಅಚ್ಚರಿಯಾಗುತ್ತದೆ. ‘ಕುಮುದಿನಿ’, ‘ಕಮಲಕುಮಾರಿ’ ಮೊದಲಾದ ಕಾದಂಬರಿಗಳು ಒಂದು ಕಡೆ. ‘ನಳಚರಿತ್ರೆ’, ‘ಗಿರಿಜಾ ಕಲ್ಯಾಣ’ಗಳಂಥ ಪುರಾಣಕಥೆಗಳು ಇನ್ನೊಂದು ಕಡೆ. ವಿದ್ಯಾರ್ಥಿಗಳಿಗಾಗಿ ‘ನಿಬಂಧ ಶಿಕ್ಷಣ’, ಗೃಹಸ್ಥರಿಗಾಗಿ ‘ಕುಟುಂಬ’. ವೈಷ್ಣವರಾಗಿದ್ದೂ ‘ಶೈವ ಸುಧಾರ್ಣವ’ವನ್ನು ಬರೆದರು. ಅಕ್ಷೋಭ್ಯತೀರ್ಥರಿಗೂ ವಿದ್ಯಾರಣ್ಯರಿಗೂ ನಡೆದ ವಾದವನ್ನು ನಮ್ಮ ಸಂಪ್ರದಾಯವು ನೆನೆಯುತ್ತ ಬಂದಿದೆ. ಆದರೂ 1923ರಲ್ಲಿ ಬಂದ ‘ಮಾಧವ ಕರುಣಾ ವಿಲಾಸ’ದಲ್ಲಿ ಗಳಗನಾಥರು ಆ ಅದ್ವೈತ ಯತಿವರ್ಯರ ಮಹಿಮೆಯನ್ನೂ ವಿಜಯನಗರದ ಸ್ಥಾಪನೆಯನ್ನೂ ಮನಸಾರೆ ವರ್ಣಿಸಿದರು. ಸ್ವಮತನಿಷ್ಠೆಯು ಪರರ ಹಿರಿಮೆಗೆ ಕಣ್ಣು ಮುಚ್ಚಬೇಕಾಗಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡುವುದು ತರವಲ್ಲ. ಈ ಗ್ರಂಥಗಳಲ್ಲಿ ಹಲವು ಸ್ವತಂತ್ರವಲ್ಲ. ‘ಕಮಲಕುಮಾರಿ’ಯೂ, ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಯೂ ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಆಧರಿಸಿದವು. ಹೀಗಿರುವಾಗ ಇಷ್ಟೊಂದು ಕೀರ್ತಿ ಗಳಗನಾಥರಿಗೆ ಸಲ್ಲತಕ್ಕದ್ದೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ, ಮೂಲಕರ್ತೃವಿನ ಋಣವನ್ನು ಅಲ್ಲಗಳೆಯಲಾಗದು. ಆದರೆ ಮರಾಠಿಗರ ಓದಿನಲ್ಲಿದ್ದ ಹಂಪೆಯ ಕಥೆಯನ್ನು ಹಂಪೆಯ ನೆರೆಯವರಾದ ಕನ್ನಡಿಗರು ತಮ್ಮ ನುಡಿಯಲ್ಲೇ ಓದಿ ಕಣ್ಣೀರು ಸುರಿಸುವಂತೆ ಮಾಡಿದವರು ಗಳಗನಾಥರು. ನೀರು ಯಾವ ಬೆಟ್ಟದಲ್ಲಿ ಹುಟ್ಟಿದರೂ ಹೊಲಕ್ಕೆ ಕಾಲುವೆ ತೋಡಿದವನ ಬೆವರು ಸುಳ್ಳಾಗದು.

ಆ ಬೆವರು ಕೇವಲ ಮಾತಿನ ಅಲಂಕಾರವಲ್ಲ. ಪುಸ್ತಕವನ್ನು ಬರೆಯುವವರು ಅವರೇ, ಅಚ್ಚು ಹಾಕಿಸುವವರು ಅವರೇ. ಮಾರುವ ಹೊಣೆಯೂ ಅವರದೇ. ಗ್ರಂಥಗಳ ಗಂಟನ್ನು ಹೊತ್ತು ಊರಿಂದೂರಿಗೆ ತಿರುಗಿ ಅವರು ಕನ್ನಡ ಪುಸ್ತಕಗಳನ್ನು ಮಾರಿದರು. ಇಷ್ಟೆಲ್ಲ ಮಾಡಿದರೂ ಲಕ್ಷ್ಮಿಯು ಅವರ ಮನೆಯಲ್ಲಿ ನಿಲ್ಲಲಿಲ್ಲ. ಗ್ರಂಥಕರ್ತನಾದವನು ಬಾಗಿಲಿಂದ ಬಾಗಿಲಿಗೆ ಹೋಗುವುದು ಅಂದಿನ ದೃಷ್ಟಿಯಲ್ಲಿ ಮಾನದ ಕೆಲಸವಾಗಿರಲಿಲ್ಲ. ಅವರಾದರೋ ಅದರಲ್ಲಿ ಅವಮಾನವನ್ನು ಕಾಣಲಿಲ್ಲ. ಹರಿದಾಸರು ತಂಬೂರಿ ಹಿಡಿದು ಮನೆಮನೆಗೆ ಹೋದ ನಾಡಿದು. ಅದೇ ಬೀದಿಗಳಲ್ಲಿ ಇವರು ಪುಸ್ತಕ ಹಿಡಿದು ನಡೆದರು.

1942ರ ಏಪ್ರಿಲ್ 22ರಂದು ಗಳಗನಾಥರು ಹರಿಪಾದವನ್ನು ಸೇರಿದರು. ಕನ್ನಡನಾಡು ಒಂದುಗೂಡಿದ 1956ರ ಸುದಿನವನ್ನು ಅವರು ಕಾಣಲಿಲ್ಲ. ಆದರೆ ಆ ದಿನಕ್ಕಾಗಿ ಹಂಬಲಿಸಿದವರಲ್ಲಿ ಎಷ್ಟೋ ಜನ ಬಾಲ್ಯದಲ್ಲಿ ಅವರ ಕಾದಂಬರಿಗಳನ್ನು ಓದಿ ಬೆಳೆದವರು.

ನಮ್ಮ ಕೆಲವು ಮನೆಗಳ ಅಟ್ಟದ ಮೇಲೆ ಪಂಚಾಂಗಗಳ ನಡುವೆ ಇಂಥ ಹಳೆಯ ಪುಸ್ತಕಗಳು ಇನ್ನೂ ಇರಬಹುದು. ಗೆದ್ದಲು ಮುಟ್ಟುವ ಮೊದಲು ಅವುಗಳನ್ನು ಇಳಿಸಿ, ಧೂಳು ಕೊಡವಿ, ಮಕ್ಕಳಿಂದ ಒಂದು ಪುಟವನ್ನಾದರೂ ಓದಿಸೋಣ. ಹೊತ್ತು ತಂದವರ ಶ್ರಮಕ್ಕೆ ನಾವು ಸಲ್ಲಿಸಬಹುದಾದ ಸೇವೆ ಅದು.

ಶ್ರೀಕೃಷ್ಣಾರ್ಪಣಮಸ್ತು.