ಟೋಪಿಯ ಪಿನ್ನಿನಿಂದ ಎಂಜಿನ್ ಸರಿಪಡಿಸಿದ ಬರ್ತಾ ಬೆಂಜ್

ಮಕ್ಕಳೇ, ಹಳೆಯ ಬೈಕೊಂದು ರಸ್ತೆಯಲ್ಲಿ ಕೆಮ್ಮುತ್ತಾ, ಮುಗ್ಗರಿಸುತ್ತಾ ಹೋಗುವುದನ್ನು ನೀವು ನೋಡಿರಬಹುದು. ಒಮ್ಮೆ ಅದು ಜೋರಾಗಿ ನುಗ್ಗುತ್ತದೆ. ಮರುಕ್ಷಣವೇ ಅದರ ಶಕ್ತಿ ಕುಂದುತ್ತದೆ. ನಡುನಡುವೆ ಎಂಜಿನ್ನಿನ ಬಡಿತ ತಪ್ಪುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್’ ಎನ್ನುತ್ತಾರೆ. ಇಂಥ ದೋಷ ಬಂದಾಗ ನಾವು ವಾಹನವನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋಗುತ್ತೇವೆ. ಆದರೆ ಗ್ಯಾರೇಜು, ಪೆಟ್ರೋಲ್ ಬಂಕು ಯಾವುದೂ ಇಲ್ಲದ ಕಾಲದಲ್ಲಿ ಒಬ್ಬ ತಾಯಿ ಇಂಥ ದೋಷಗಳನ್ನು ರಸ್ತೆಯಲ್ಲೇ ಕಂಡುಹಿಡಿದು ಸರಿಪಡಿಸಿದರು. ಅವರೇ ಬರ್ತಾ ಬೆಂಜ್.

ಬಾಲ್ಯ ಮತ್ತು ಮದುವೆ

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಜ್‌ಹೈಮ್ ಎಂಬ ಊರಿನಲ್ಲಿ. ಕುದುರೆ ಇಲ್ಲದೆ ತಾನೇ ಓಡುವ ಗಾಡಿಯನ್ನು ಮಾಡಬೇಕೆಂಬ ಕನಸು ಹೊತ್ತಿದ್ದ ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಅವರಿಗೆ ಪರಿಚಯವಾದರು. ಕಾರ್ಲ್ ಅವರ ಕಾರ್ಖಾನೆ ಮುಳುಗುವ ಸ್ಥಿತಿಯಲ್ಲಿತ್ತು. ಬರ್ತಾ ತಮ್ಮ ಮದುವೆಗಾಗಿ ಮನೆಯಲ್ಲಿ ತೆಗೆದಿಟ್ಟಿದ್ದ ಹಣವನ್ನು ಮದುವೆಗೆ ಮೊದಲೇ ಕೊಟ್ಟು ಅದನ್ನು ಉಳಿಸಿದರು. 1872ರಲ್ಲಿ ಅವರಿಬ್ಬರ ಮದುವೆಯಾಯಿತು.

ಮುಂದಿನ ವರ್ಷಗಳು ಬಡತನದಲ್ಲೇ ಕಳೆದವು. 1879ರ ಡಿಸೆಂಬರ್ 31ರ ರಾತ್ರಿ ಕಾರ್ಲ್ ಅವರ ಹೊಸ ಎಂಜಿನ್ ಮೊದಲ ಬಾರಿಗೆ ಸರಿಯಾಗಿ ಓಡಿದಾಗ ಬರ್ತಾ ಪಕ್ಕದಲ್ಲೇ ಇದ್ದರು. 1886ರಲ್ಲಿ ಕಾರ್ಲ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದರು. ಆದರೆ ಅದನ್ನು ಕೊಳ್ಳಲು ಜನ ಮುಂದೆ ಬರಲಿಲ್ಲ. ಸದ್ದು ಮಾಡುವ, ಎಲ್ಲೆಂದರಲ್ಲಿ ನಿಂತುಹೋಗುವ ಗಾಡಿಯನ್ನು ಯಾರು ನಂಬುತ್ತಾರೆ? ಹಾಕಿದ ಹಣ, ಹಲವು ವರ್ಷಗಳ ದುಡಿಮೆ ಎಲ್ಲವೂ ವ್ಯರ್ಥವಾಗುವ ಹಾಗಿತ್ತು. ಗಾಡಿ ದೂರದ ಊರಿಗೆ ಹೋಗಬಲ್ಲದು ಎಂದು ತೋರಿಸದೆ ಬೇರೆ ದಾರಿ ಇರಲಿಲ್ಲ.

ಎಂಜಿನ್ನಿಗೆ ಏನೇನು ಬೇಕು?

ಮುಂದೆ ಓದುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಪೆಟ್ರೋಲ್ ಎಂಜಿನ್ನಿಗೆ ಮುಖ್ಯವಾಗಿ ಮೂರು ಬೇಕು: ಇಂಧನ, ಗಾಳಿ ಮತ್ತು ಕಿಡಿ. ಇಂಧನದ ಆವಿ ಗಾಳಿಯೊಡನೆ ಸರಿಯಾದ ಪ್ರಮಾಣದಲ್ಲಿ ಬೆರೆತು ಸಿಲಿಂಡರಿನ ಒಳಗೆ ಬರಬೇಕು. ಅಲ್ಲಿ ಸರಿಯಾದ ಸಮಯಕ್ಕೆ ವಿದ್ಯುತ್ ಕಿಡಿ ಹಾರಬೇಕು. ಆಗ ಮಿಶ್ರಣ ಥಟ್ಟನೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ.

ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿಕೊಂಡರೆ ಏನಾಗುತ್ತದೆ? ಇಂಧನ ಸ್ವಲ್ಪ ಸ್ವಲ್ಪವೇ ಬರುತ್ತದೆ. ಎಂಜಿನ್ ಒಮ್ಮೆ ಏರಿ, ಒಮ್ಮೆ ಇಳಿದು, ಕೊನೆಗೆ ಸೊರಗಿ ನಿಲ್ಲುತ್ತದೆ. ಕಿಡಿಗೆ ವಿದ್ಯುತ್ ತರುವ ತಂತಿಯ ಹೊದಿಕೆ ಸವೆದರೆ? ವಿದ್ಯುತ್ತು ಪಕ್ಕದ ಲೋಹಕ್ಕೆ ಸೋರಿಹೋಗುತ್ತದೆ. ಕಿಡಿ ಹಾರುವುದಿಲ್ಲ, ಬಡಿತ ಥಟ್ಟನೆ ತಪ್ಪುತ್ತದೆ. ಬೆಂಜ್ ಗಾಡಿಗೆ ಇದ್ದದ್ದು ಒಂದೇ ಸಿಲಿಂಡರ್. ಆದ್ದರಿಂದ ಒಂದು ಬಡಿತ ತಪ್ಪಿದರೂ ಇಡೀ ಗಾಡಿ ಮುಗ್ಗರಿಸುತ್ತಿತ್ತು.

ಮರೆಯಲಾಗದ ಪ್ರಯಾಣ

1888ರ ಆಗಸ್ಟ್ ತಿಂಗಳು. ಶಾಲೆಗೆ ಬೇಸಿಗೆ ರಜೆ. 39 ವರ್ಷದ ಬರ್ತಾ ಒಂದು ಬೆಳಗಿನ ಜಾವ 15 ವರ್ಷದ ಆಯ್ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳೊಡನೆ ಮನೆಯಿಂದ ಹೊರಟರು. ಪತಿಗೆ ಮೊದಲೇ ತಿಳಿಸಲಿಲ್ಲ. ಮ್ಯಾನ್‌ಹೈಮ್‌ನಿಂದ ತಾಯಿಯ ಊರಾದ ಫೋರ್ಜ್‌ಹೈಮ್‌ಗೆ ಸುಮಾರು 105 ಕಿಲೋಮೀಟರ್ ದೂರ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ಆ ಗಾಡಿಗೆ ಇಂಧನ ಲಿಗ್ರೋಯಿನ್. ಅದು ಪೆಟ್ರೋಲಿಯಂನಿಂದ ಸಿಗುವ, ಬೇಗ ಆವಿಯಾಗುವ ದ್ರವ. ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಗಳಲ್ಲಿ ಅದನ್ನು ಮಾರುತ್ತಿದ್ದರು. ವೀಸ್‌ಲೋಕ್ ಎಂಬ ಊರಿನಲ್ಲಿ ಬರ್ತಾ ಔಷಧಿ ಅಂಗಡಿಯಿಂದಲೇ ಅದನ್ನು ಕೊಂಡರು. ಆ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ! ಎಂಜಿನ್ ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ತುಂಬಬೇಕಾಗಿತ್ತು.

ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಬರ್ತಾ ತಮ್ಮ ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನನ್ನು ತೆಗೆದು ಕೊಳವೆಯನ್ನು ಚೊಕ್ಕಟ ಮಾಡಿದರು. ಇನ್ನೊಮ್ಮೆ ಕಿಡಿಯ ತಂತಿಯ ಹೊದಿಕೆ ಸವೆದು ತೊಂದರೆಯಾಯಿತು. ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದರು. ಬಟ್ಟೆಯ ಪಟ್ಟಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಲ್ಲ! ಸಡಿಲವಾದ ಸರಪಳಿಯನ್ನು ಕಮ್ಮಾರರೊಬ್ಬರು ಸರಿ ಮಾಡಿಕೊಟ್ಟರು. ಸವೆದ ಮರದ ಬ್ರೇಕಿಗೆ ಪಾದರಕ್ಷೆ ಹೊಲಿಯುವವರೊಬ್ಬರಿಂದ ತೊಗಲು ಹೊಡೆಸಿದರು. ಬ್ರೇಕಿಗೆ ಪಟ್ಟಿ ಹಾಕುವ ಪದ್ಧತಿ ಶುರುವಾದದ್ದು ಹೀಗೆ. ಕಡಿದಾದ ಏರುಗಳಲ್ಲಿ ಗಾಡಿಯನ್ನು ತಳ್ಳಿಯೇ ಹತ್ತಿಸಬೇಕಾಯಿತು.

ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಜ್‌ಹೈಮ್ ತಲುಪಿದರು. ಬರ್ತಾ ಪತಿಗೆ ತಂತಿ ಸಂದೇಶ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಹಿಂತಿರುಗಿದರು.

ಪ್ರಯಾಣದ ಫಲ

ಬರ್ತಾ ದಾರಿಯಲ್ಲಿ ಕಂಡ ದೋಷಗಳನ್ನೆಲ್ಲ ಪತಿಗೆ ವಿವರಿಸಿದರು. ಅವರ ಸಲಹೆಯಂತೆ ಏರು ಹತ್ತಲು ಇನ್ನೊಂದು ಗೇರನ್ನು ಸೇರಿಸಲಾಯಿತು. ಅದೇ ವರ್ಷ ಮ್ಯೂನಿಕ್ ವಸ್ತುಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂದಿತು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷಕ್ಕೆ 572 ವಾಹನಗಳನ್ನು ತಯಾರಿಸಿತು.

ಪೇಟೆಂಟಿನಲ್ಲಿ ಬರ್ತಾ ಅವರ ಹೆಸರು ಇರಲಿಲ್ಲ. ಬರ್ತಾ ಅವರಿಗೆ ಗೌರವ ಸಿಕ್ಕಿದ್ದು ಬಹಳ ತಡವಾಗಿ. 1944ರಲ್ಲಿ, ಅವರ 95ನೆಯ ಹುಟ್ಟುಹಬ್ಬದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಎರಡೇ ದಿನಗಳ ನಂತರ, ಮೇ 5ರಂದು, ಅವರು ತೀರಿಕೊಂಡರು. ಅವರು ಸಾಗಿದ ದಾರಿ 2008ರಿಂದ ಬರ್ತಾ ಬೆಂಜ್ ಸ್ಮಾರಕ ಮಾರ್ಗವಾಗಿದೆ.

ಬರ್ತಾ ಅವರ ಬಳಿ ಇದ್ದದ್ದು ಪಿನ್ನು, ಪಟ್ಟಿಯಂಥ ಸಣ್ಣ ವಸ್ತುಗಳು. ಆದರೆ ಯಂತ್ರಕ್ಕೆ ಏನೇನು ಬೇಕೆಂಬುದು ಅವರಿಗೆ ಗೊತ್ತಿತ್ತು. ಅದರಿಂದಲೇ ಯಾವುದು ತಪ್ಪಿದೆ ಎಂದು ಹುಡುಕಲು ಸಾಧ್ಯವಾಯಿತು. ಇಂದಿಗೂ ಕಾರ್ಬ್ಯುರೇಟರ್ ಇರುವ ಹಳೆಯ ವಾಹನ ಮುಗ್ಗರಿಸಿದರೆ ಮೆಕ್ಯಾನಿಕ್ ಇಂಧನ, ಗಾಳಿ, ಕಿಡಿ ಇವನ್ನು ಒಂದೊಂದಾಗಿಯೇ ಪರೀಕ್ಷಿಸುತ್ತಾರೆ.

ನೀವೂ ಮಾಡಿ: ನಿಮ್ಮ ಊರಿನ ಮೆಕ್ಯಾನಿಕ್ ಒಬ್ಬರು ಕೆಲಸ ಮಾಡುವುದನ್ನು ದೂರದಿಂದ ಗಮನಿಸಿ. ಅವರು ಯಾವುದನ್ನು ಮೊದಲು ನೋಡಿದರು, ಯಾವುದನ್ನು ನಂತರ ನೋಡಿದರು, ಏಕೆ ಎಂದು ಕೇಳಿ ಬರೆದುಕೊಳ್ಳಿ.

ಎಚ್ಚರಿಕೆ: ಪೆಟ್ರೋಲ್ ಬೇಗ ಹೊತ್ತಿಕೊಳ್ಳುತ್ತದೆ. ದೊಡ್ಡವರಿಲ್ಲದೆ ಎಂಜಿನ್ ಬಿಚ್ಚಬೇಡಿ.