ಸ್ಟಿಯರಿಂಗ್ ಬದಲಿಸುವ ಮುನ್ನ ಬೇಲಾ ಬರೇನಿ ಅವರ ಕಥೆ ಓದಿ

ಹಳೇ ಕಾಲದ ಕಾರುಗಳು ಕಬ್ಬಿಣದ ಹಾಗೆ ಗಟ್ಟಿ, ಈಗಿನವು ಬರೀ ತಗಡಿನ ಡಬ್ಬಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಜೊತೆಗೆ ಇನ್ನೊಂದು ಬಗೆಯ ವಿಡಿಯೋಗಳೂ ಹರಿದಾಡುತ್ತವೆ. ಕಂಪನಿ ಕೊಟ್ಟ ಸ್ಟಿಯರಿಂಗ್ ಬಿಚ್ಚಿ, ರೇಸ್ ಕಾರಿನಂತಹ ಚಿಕ್ಕ ಸ್ಟಿಯರಿಂಗ್ ಅನ್ನು ಹತ್ತೇ ನಿಮಿಷದಲ್ಲಿ ಹಾಕಿಕೊಳ್ಳಿ ಎನ್ನುವ ವಿಡಿಯೋಗಳವು. ಎರಡರ ಬೇರು ಒಂದೇ. ಕಾರು ಎಂದರೆ ಬಿಡಿ ಭಾಗಗಳ ರಾಶಿ, ಗಟ್ಟಿಯಾಗಿದ್ದರೆ ಸಾಕು, ಚಕ್ರ ತಿರುಗಿದರೆ ಸಾಕು ಎಂಬ ನಂಬಿಕೆ. ಈ ನಂಬಿಕೆ ತಪ್ಪು ಎಂದು ತೋರಿಸುವುದರಲ್ಲೇ ಇಡೀ ಬದುಕು ಕಳೆದ ಎಂಜಿನಿಯರ್ ಒಬ್ಬರ ಕಥೆಯನ್ನು ನಾವು ಇಂದು ಹೇಳುತ್ತೇವೆ. ಅವರ ಹೆಸರು ಬೇಲಾ ಬರೇನಿ.

ಸಿರಿತನದಿಂದ ನಿರುದ್ಯೋಗದವರೆಗೆ

ಬರೇನಿ ಹುಟ್ಟಿದ್ದು 1907ರ ಮಾರ್ಚ್ 1ರಂದು, ವಿಯೆನ್ನಾ ಸಮೀಪದ ಹಿರ್ಟೆನ್‌ಬರ್ಗ್‌ನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ. ಅನುಕೂಲಸ್ಥ ಕುಟುಂಬ. ಕಾರು ಅಪರೂಪವಾಗಿದ್ದ ಆ ದಿನಗಳಲ್ಲೇ ಮನೆಯಲ್ಲಿ ಕಾರಿತ್ತು, ಹುಡುಗನಿಗೆ ಅದರ ಹುಚ್ಚು ಹಿಡಿಯಿತು. ಆದರೆ ಮೊದಲ ಮಹಾಯುದ್ಧದಲ್ಲಿ ತಂದೆ ತೀರಿಕೊಂಡರು. ಮುಂದೆ ಮನೆಯ ಸಿರಿತನವೂ ಕರಗಿತು.

ವಿಯೆನ್ನಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗಲೇ, 1925ರ ಹೊತ್ತಿಗೆ, ಅವರು ಸಾಮಾನ್ಯ ಜನರಿಗೆಂದು ಒಂದು ಕಾರಿನ ನಕ್ಷೆ ಬರೆದರು. ಹಿಂಭಾಗದಲ್ಲಿ ಗಾಳಿಯಿಂದ ತಣಿಯುವ ಎಂಜಿನ್ ಇದ್ದ ಆ ಕಾರು ಮುಂದೆ ಬಂದ ಫೋಕ್ಸ್‌ವ್ಯಾಗನ್ ಬೀಟಲ್ ಅನ್ನು ಬಹುವಾಗಿ ಹೋಲುತ್ತಿತ್ತು. ಆ ಕಲ್ಪನೆಯ ಶ್ರೇಯಸ್ಸಿಗಾಗಿ ಅವರು 1950ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು, ಅಲ್ಲಿ ಅವರ ಹಕ್ಕಿಗೆ ಮನ್ನಣೆಯೂ ಸಿಕ್ಕಿತು.

ಓದು ಮುಗಿದ ಮೇಲೆ ಸ್ಟೈರ್, ಆಡ್ಲರ್ ಮುಂತಾದ ಕಂಪನಿಗಳಲ್ಲಿ ದುಡಿದರು. ನಡುನಡುವೆ ಕೆಲಸವಿಲ್ಲದ ದಿನಗಳೂ ಬಂದವು. ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಮೊದಲು ಅವರ ಅರ್ಜಿಯನ್ನು ತಿರಸ್ಕರಿಸಿತು. ಮತ್ತೆ ಪ್ರಯತ್ನಿಸಿದಾಗ ಸಂದರ್ಶನ ಮಾಡಿದವರು ಆಡಳಿತ ಮಂಡಳಿಯ ವಿಲ್ಹೆಲ್ಮ್ ಹಾಸ್ಪೆಲ್. ನಮ್ಮ ಕಾರುಗಳಲ್ಲಿ ಏನು ಸುಧಾರಿಸಬೇಕು ಎಂದು ಅವರು ಕೇಳಿದ್ದಕ್ಕೆ, ಬರೇನಿ ಸ್ಟಿಯರಿಂಗ್, ಆಕ್ಸಲ್, ಬಾಡಿ ಹೀಗೆ ಒಂದೊಂದನ್ನೇ ಹೆಸರಿಸುತ್ತಾ ಹೆಚ್ಚುಕಡಿಮೆ ಎಲ್ಲವೂ ತಪ್ಪಾಗಿದೆ ಎಂದುಬಿಟ್ಟರು. ಬೇರೆಯವರಾಗಿದ್ದರೆ ಬಾಗಿಲು ತೋರಿಸುತ್ತಿದ್ದರೇನೋ. ಹಾಸ್ಪೆಲ್ ಅವರಿಗೆ ಮಾತ್ರ ಈತ ವರ್ಷಗಳಷ್ಟು ಮುಂದೆ ಯೋಚಿಸುತ್ತಿದ್ದಾನೆ ಅನ್ನಿಸಿತು. 1939ರಲ್ಲಿ ಬರೇನಿ ಕೆಲಸಕ್ಕೆ ಸೇರಿದರು.

ಗಟ್ಟಿ ಕಾರೇ ಸುರಕ್ಷಿತವೇ?

ಆ ಕಾಲದ ಎಂಜಿನಿಯರ್‌ಗಳೂ ಇಂದಿನ ಫಾರ್ವರ್ಡ್‌ಗಳಂತೆಯೇ ಯೋಚಿಸುತ್ತಿದ್ದರು. ಕಾರು ಎಷ್ಟು ಗಟ್ಟಿಯೋ ಒಳಗಿನವರು ಅಷ್ಟು ಕ್ಷೇಮ ಎಂದು. ಬರೇನಿ ಇದನ್ನು ತಿರುಗಿಸಿ ನೋಡಿದರು.

ಮನೆಗೆ ಹೆಂಚು ಹೊದಿಸುವವರನ್ನು ಗಮನಿಸಿ. ಕೆಳಗಿನಿಂದ ಎಸೆದ ಹೆಂಚನ್ನು ಮೇಲಿದ್ದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾ ಹಿಡಿಯುತ್ತಾರೆ. ಕೈ ಬಿಗಿಯಾಗಿಟ್ಟರೆ ಪೆಟ್ಟು ಬೀಳುತ್ತದೆ. ಕಾರಿನ ಡಿಕ್ಕಿಯಲ್ಲೂ ಲೆಕ್ಕ ಇದೇ. ಅದೇ ವೇಗದ ಕಾರು 5 ಸೆಂಟಿಮೀಟರ್‌ನಲ್ಲಿ ನಿಲ್ಲುವ ಬದಲು 50 ಸೆಂಟಿಮೀಟರ್‌ನಲ್ಲಿ ನಿಂತರೆ, ಸರಾಸರಿ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಕಾರಿನ ಮೂತಿ ಮತ್ತು ಹಿಂಭಾಗ ಲೆಕ್ಕಾಚಾರದಂತೆ ನುಜ್ಜುಗುಜ್ಜಾಗಬೇಕು, ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಾಗಿ ಉಳಿಯಬೇಕು ಎಂದರು ಬರೇನಿ. 1951ರಲ್ಲಿ ಅರ್ಜಿ ಹಾಕಿ 1952ರಲ್ಲಿ ಪೇಟೆಂಟ್ ಪಡೆದರು. 1959ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯು 111 ಈ ತತ್ವದ ಮೇಲೆ ತಯಾರಾದ ಮೊದಲ ಕಾರು.

ಈಗಿನ ಕಾರಿನ ಮುಂಭಾಗ ಜಜ್ಜಿಹೋದ ಫೋಟೋ ನೋಡಿ ಕಳಪೆ ಎಂದು ನಾವು ನಗುತ್ತೇವೆ. ಎಷ್ಟೋ ಸಲ ಆ ತಗಡು ಒಳಗಿದ್ದವರ ಬದಲು ತಾನು ಪೆಟ್ಟು ತಿಂದಿರುತ್ತದೆ.

ಎದೆಗೆ ಗುರಿಯಿಟ್ಟ ಈಟಿ

ಹಳೆಯ ಕಾರುಗಳಲ್ಲಿ ಸ್ಟಿಯರಿಂಗ್ ಕಾಲಂ ಎಂದರೆ ಮುಂದಿನ ಚಕ್ರಗಳ ಬಳಿಯಿಂದ ಚಾಲಕನ ಎದೆಯವರೆಗೆ ಬರುವ ಒಂದು ಗಟ್ಟಿ ಸರಳು. ಎದುರಿನಿಂದ ಡಿಕ್ಕಿಯಾದರೆ ಅದು ಈಟಿಯಂತೆ ಹಿಂದಕ್ಕೆ ನುಗ್ಗುತ್ತಿತ್ತು. ಚಾಲಕನ ದೇಹ ಮುಂದಕ್ಕೆ ಎಸೆಯಲ್ಪಡುತ್ತಿತ್ತು. ಕಡಿಮೆ ವೇಗದ ಅಪಘಾತದಲ್ಲೂ ಎದೆಗೂಡು ಮುರಿದು ಜನ ಸಾಯುತ್ತಿದ್ದರು.

ಬರೇನಿ ಇದನ್ನು ಎರಡು ಕಡೆಯಿಂದ ನೋಡಿದರು. ಒಂದು, ಸ್ಟಿಯರಿಂಗ್‌ನ ನಡುವೆ ಅಗಲವಾದ ಮೆತ್ತನೆಯ ಫಲಕವಿರಬೇಕು. ಇದು 1959ರ ಕಾರಿನಲ್ಲೇ ಬಂತು. ಎರಡು, ಕಾಲಂ ತಾನೇ ಮಡಿಚಿಕೊಳ್ಳಬೇಕು. ಸುರಕ್ಷಿತ ಸ್ಟಿಯರಿಂಗ್ ಕಾಲಂಗೆ 1963ರಲ್ಲಿ ಪೇಟೆಂಟ್ ಸಿಕ್ಕಿತು. ಅದು ಪೂರ್ಣ ರೂಪದಲ್ಲಿ ಕಾರಿಗೆ ಬಂದದ್ದು 1976ರಲ್ಲಿ, ಮರ್ಸಿಡಿಸ್ ಡಬ್ಲ್ಯು 123ರಲ್ಲಿ. ಅಷ್ಟರಲ್ಲಿ ಬರೇನಿ ನಿವೃತ್ತರಾಗಿದ್ದರು. ಅಮೆರಿಕದಲ್ಲಿ 1968ರಿಂದಲೇ ಹೊಸ ಕಾರುಗಳ ಸ್ಟಿಯರಿಂಗ್ ಡಿಕ್ಕಿಯ ಬಲ ಹೀರಿಕೊಳ್ಳುವಂತಿರಬೇಕು ಎಂಬ ನಿಯಮ ಬಂದಿತ್ತು.

1981ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನ ಸ್ಟಿಯರಿಂಗ್ ಒಳಗೆ ಏರ್‌ಬ್ಯಾಗ್ ಸೇರಿತು. ಇಂದು ಅದು ಡಿಕ್ಕಿಯಾದ ಮೇಲೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬಿಕೊಳ್ಳುತ್ತದೆ. ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ.

ಬದಲಿಸಿದರೆ ಕಳೆದುಕೊಳ್ಳುವುದೇನು?

ಈಗ ಆ ಹತ್ತು ನಿಮಿಷದ ವಿಡಿಯೋಗೆ ಬರೋಣ. ಜಜ್ಜಿಹೋಗುವ ಮೂತಿ, ಮಡಿಚುವ ಕಾಲಂ, ಸೀಟ್ ಬೆಲ್ಟ್, ಏರ್‌ಬ್ಯಾಗ್ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು.

ಹೊರಗಿನ ಸ್ಟಿಯರಿಂಗ್‌ಗಳಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಇರುವುದಿಲ್ಲ. ಅದನ್ನು ಕೂರಿಸಲು ಹಾಕುವ ಅಡಾಪ್ಟರ್ ಸ್ಟಿಯರಿಂಗ್ ಅನ್ನು ಎದೆಗೆ ಇನ್ನಷ್ಟು ಹತ್ತಿರ ತರಬಹುದು. ಚಕ್ರ ಚಿಕ್ಕದಾದಷ್ಟೂ ತಿರುಗಿಸಲು ಹೆಚ್ಚು ಬಲ ಬೇಕು, ಮೀಟರ್ ಮರೆಯಾಗಬಹುದು. ನಡುವಿನ ನಟ್ ಸರಿಯಾಗಿ ಬಿಗಿಯಾಗದಿದ್ದರೆ ಓಡುವ ಕಾರಿನಲ್ಲಿ ಸ್ಟಿಯರಿಂಗ್ ಸಡಿಲವಾಗುವ ಅಪಾಯವಿದೆ. ಏರ್‌ಬ್ಯಾಗ್ ಬಿಚ್ಚುವಾಗ ಎಚ್ಚರ ತಪ್ಪಿದರೆ ಅದು ಕೈಯಲ್ಲೇ ಸಿಡಿಯಬಹುದು. ಎಚ್ಚರಿಕೆಯ ದೀಪ ಆರಿಸಲು ಕೆಲವರು ಒಂದು ರೆಸಿಸ್ಟರ್ ಸಿಕ್ಕಿಸುತ್ತಾರೆ. ಆಗ ದೀಪ ಆರುತ್ತದೆ, ಅಪಾಯ ಹಾಗೇ ಇರುತ್ತದೆ.

ರೇಸ್ ಕಾರಿನಲ್ಲೂ ಏರ್‌ಬ್ಯಾಗ್ ಇಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ರೇಸ್ ಚಾಲಕ ಹೆಲ್ಮೆಟ್, ಕುತ್ತಿಗೆಯ ರಕ್ಷಾಕವಚ ಹಾಕಿ, ಹಲವು ಪಟ್ಟಿಗಳ ಬೆಲ್ಟ್ ಬಿಗಿದು ಉಕ್ಕಿನ ಪಂಜರದೊಳಗೆ ಕೂತಿರುತ್ತಾನೆ. ನಾವು ತರಕಾರಿ ತರಲು ಹೊರಟಿರುತ್ತೇವೆ.

ವಿಮೆ ಮತ್ತು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಪೂರ್ತಿ ವಿಮೆ ಇದೆ, ಏನಾದರೂ ಕೊಡುತ್ತಾರೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ವಿಮೆ ಎಂದರೆ ಒಪ್ಪಂದ. ಕಂಪನಿ ಒಪ್ಪಿಕೊಂಡದ್ದು ಕಾರ್ಖಾನೆಯಿಂದ ಬಂದ ರೂಪದ ಕಾರಿನ ಅಪಾಯವನ್ನು. ಅಪಘಾತದ ನಂತರ ಸರ್ವೇಯರ್ ಬಂದಾಗ, ತಿಳಿಸದೆ ಮಾಡಿದ ಬದಲಾವಣೆ ಕಂಡರೆ ನಿಮ್ಮ ಕಾರಿನ ಕ್ಲೇಮ್ ತಕರಾರಿಗೆ ಸಿಲುಕಬಹುದು. ನೀವು ಸೇರಿಸಿದ ಬಿಡಿಭಾಗದ ಬೆಲೆಯೂ, ಮೊದಲೇ ಘೋಷಿಸಿರದಿದ್ದರೆ, ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನು ಕ್ಲೇಮ್ ಸಿಕ್ಕರೂ ಕಾರು ರಿಪೇರಿಯಾಗುತ್ತದೆ, ಎದೆಗೂಡು ಅಷ್ಟು ಸುಲಭವಾಗಿ ಆಗುವುದಿಲ್ಲ.

ನೀವೇನು ಮಾಡಬಹುದು?

• ಹಿಡಿತ ಬೇಕಿದ್ದರೆ ಜಾರದ, ಏರ್‌ಬ್ಯಾಗ್ ಮುಚ್ಚದ ಕವರ್ ಸಾಕು.
• ಸ್ಟಿಯರಿಂಗ್ ಹಾಳಾಗಿದ್ದರೆ ಅದೇ ಮಾದರಿಯ ಮೂಲ ಭಾಗವನ್ನು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.
• ಸ್ಟಿಯರಿಂಗ್ ನಡುವೆ ದೇವರ ಲೋಹದ ಬಿಲ್ಲೆ, ಹೊಳೆಯುವ ಕಲ್ಲು ಅಂಟಿಸಬೇಡಿ. ಏರ್‌ಬ್ಯಾಗ್ ತೆರೆದರೆ ಅದು ಗುಂಡಿನಂತೆ ಮುಖಕ್ಕೆ ಬಡಿಯಬಹುದು.
• ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹತ್ತದೇ ಇದ್ದರೂ, ಆರದೇ ಇದ್ದರೂ ತಪಾಸಣೆ ಮಾಡಿಸಿ.
• ಈಗಾಗಲೇ ಬದಲಿಸಿದ್ದರೆ ಮೂಲ ಸ್ಟಿಯರಿಂಗ್ ಅನ್ನು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಮತ್ತೆ ಹಾಕಿಸಿ.

ಬರೇನಿ 1997ರ ಮೇ 30ರಂದು, 90ನೇ ವಯಸ್ಸಿನಲ್ಲಿ, ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ತೀರಿಕೊಂಡರು. ಅವರ ಹೆಸರಲ್ಲಿ 2,500ಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಅವರ ಹೆಸರನ್ನೇ ಕೇಳದ ಕೋಟ್ಯಂತರ ಜನ ಇಂದು ಅವರ ಯೋಚನೆಯೊಳಗೆ ಕೂತು ಓಡಾಡುತ್ತಿದ್ದಾರೆ. ನಿಮ್ಮ ಮನೆಯ ಗ್ರೂಪ್‌ನಲ್ಲಿ ಯಾರಾದರೂ ಹೊಸ ಸ್ಟಿಯರಿಂಗ್‌ನ ಫೋಟೋ ಹಾಕಿದರೆ, ಲೈಕ್ ಒತ್ತುವ ಮೊದಲು ಈ ಕಥೆಯನ್ನು ಅವರಿಗೆ ಕಳಿಸಿ.